ದೇವರು ಬಂದ ಬೋಟು

ನವೆಂಬರ್ 11, ಸೋಮವಾರ

ದೇವರು ನಮ್ಮ ಬೋಟಿಗೆ ಬಂದರು. ಬರೆದಿಡದಿದ್ದರೆ ನಾಳೆ ಬೆಳಿಗ್ಗೆ ನಾನೇ ನಂಬಲಿಕ್ಕಿಲ್ಲ, ಅದಕ್ಕೇ ಸೊಸೈಟಿಯವರು ಕೊಟ್ಟ ಈ ಡೈರಿಯನ್ನು ಕೊನೆಗೂ ಕಪಾಟಿನಿಂದ ತೆಗೆದೆ. ಹತ್ತು ತಿಂಗಳು ಖಾಲಿ ಬಿದ್ದಿತ್ತು. ಬಾಲವಾಡಿಯ ರಿಜಿಸ್ಟರುಗಳನ್ನು ಬರೆದು ಮುಗಿಸುವಷ್ಟರಲ್ಲಿ ಬೆರಳು ಸೆಟೆದಿರುತ್ತದೆ, ಮತ್ತೆ ಯಾರಿಗೆ ಬೇಕು ಇನ್ನೊಂದು ಪುಸ್ತಕ!

ಬೆಳಿಗ್ಗೆ ಮಕ್ಕಳ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ, ಇಡೀ ಕೇರಿಯ ಫೋನುಗಳು ಒಟ್ಟಿಗೆ ಹೊಡೆದುಕೊಂಡವು. ಚಂದಯ್ಯಣ್ಣನ ಬೋಟಿನ ಬಲೆಗೆ ದೇವರ ಮೂರ್ತಿ ಸಿಕ್ಕಿದೆಯಂತೆ. ಚಂದಯ್ಯಣ್ಣ ಬೋಟಿನ ಯಜಮಾನರು ಹೌದು, ಆದರೆ ತಂಡೇಲ ನಮ್ಮ ಮನೆಯವರು. ನೀರಿಗಿಳಿದ ಮೇಲೆ ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು, ಎಲ್ಲ ಇವರ ಮಾತು. ಯಜಮಾನರೂ ಎದುರಾಡುವ ಹಾಗಿಲ್ಲ. ಹಾಗಾಗಿ ನಮ್ಮ ಬೋಟಿಗೆ ಎಂದು ನಾನು ಬರೆದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಒಲೆ ಆರಿಸಿ ಓಡಿದೆ. ಕಡಲ ಕರೆಯಲ್ಲಿ, ದಡದುದ್ದಕ್ಕೂ, ಕಾಲಿಡಲು ಜಾಗವಿಲ್ಲ. ಚಂಡೆಯವರು ಎಲ್ಲಿಂದ ಬಂದರೋ, ಯಾರು ಹೇಳಿ ಕಳಿಸಿದರೋ! ಇವರು ಮೂರ್ತಿಯನ್ನು ತಲೆಯ ಮೇಲೆ ಹೊತ್ತು ಸೊಂಟದವರೆಗಿನ ನೀರಿನಲ್ಲಿ ನಡೆದು ಬಂದರು. ಒಂದೂವರೆ ಮೊಳದ ಮರದ ಮೂರ್ತಿ. ಮೂಗು ಪೂರ್ತಿ ಸವೆದಿದೆ, ಕಣ್ಣಿನ ಜಾಗದಲ್ಲಿ ಎರಡು ಕುಳಿ, ಒಂದು ಕೈ ಇಲ್ಲ. ದುರ್ಗೆ ಎಂದರು ಕೆಲವರು, ಯಾವುದೋ ಗುಡಿಯವರು ಹೊಸತು ಮಾಡಿಸಿ ಹಳೆಯದನ್ನು ನೀರಿಗೆ ಬಿಟ್ಟದ್ದು ಎಂದರು ಇನ್ನು ಕೆಲವರು. ಯಾರೆಂದು ಗೊತ್ತಿಲ್ಲದಿದ್ದರೂ ಕೈ ಮುಗಿಯದವರು ಒಬ್ಬರೂ ಇರಲಿಲ್ಲ. ಮುದುಕಿಯರೆಲ್ಲ ಇವರ ಕಾಲಿಗೆ ಬಿದ್ದರು. ಇಪ್ಪತ್ತೆರಡು ವರ್ಷದಿಂದ ಈ ಮನುಷ್ಯನ ಮೀನು ವಾಸನೆಯ ಲುಂಗಿ ತೊಳೆದವಳು ನಾನು, ನನಗೂ ಒಮ್ಮೆ ಬೀಳಬೇಕು ಅನಿಸಿತು. ಇವರು ಮಾತ್ರ ನನ್ನತ್ತ ನೋಡಲಿಲ್ಲ. ಭಕ್ತಿ ಜಾಸ್ತಿಯಾಗಿತ್ತೋ ಏನೋ.

ಮಂಗಳಾರತಿಯ ನಡುವೆ ಗುಲಾಬಿ ಬಂದು ನನ್ನ ಸೆರಗು ಎಳೆದಳು. ಇವಳ ಗಂಡ ಕುಷ್ಟಣ್ಣ ಒಬ್ಬರೇ ಸಣ್ಣ ದೋಣಿಯಲ್ಲಿ ಹೋಗಿ ಬಲೆ ಬಿಟ್ಟು ಬರುವವರು. ಮಗಳು ಪೂಜಿತಾ ನನ್ನ ಬಾಲವಾಡಿಯಲ್ಲೇ ಇದ್ದಾಳೆ.

"ಸುಗುಣಕ್ಕ, ನಮ್ಮನಿಯವ್ರನ್ನ್ ಕಂಡ್ರ್ಯಾ? ನಿನ್ನೆ ಬೈಸಾರಿ ಕತ್ಲಿಗೆ ದೋಣಿ ತಕಂಡ್ ಹೋದವ್ರ್ ಇನ್ನೂ ಬರ್ಲಿಲ್ಲೆ."

"ಆರ್ತಿ ಆಪು ತನ್ಕ ಒಂದ್ಗಳಿ ನಿಲ್ಲ್ ಮಾರಾಯ್ತಿ. ಎಲ್ಲಿಗ್ ಹೋತ್ರ್, ಬತ್ರ್," ಎಂದು ಕೈ ಬಿಡಿಸಿಕೊಂಡೆ.

ಮಧ್ಯಾಹ್ನ ಮೂರಕ್ಕೆ ಕುಷ್ಟಣ್ಣನ ದೋಣಿ ಅಳಿವೆಯ ಹತ್ತಿರ ಮಗುಚಿಕೊಂಡು ಸಿಕ್ಕಿತು. ಅವರಿಲ್ಲ. ಬೆಳಿಗ್ಗೆಯಿಂದ ಊರಿಗೆ ಊರೇ ಕರೆಯಲ್ಲಿತ್ತು, ಒಬ್ಬ ಮನುಷ್ಯ ಬಂದಿಲ್ಲ ಎಂದು ಯಾರ ತಲೆಗೂ ಹೋಗಿರಲಿಲ್ಲ. ದೇವರು ಬಂದ ದಿನವೇ ಹೀಗಾಗಬೇಕಿತ್ತಾ? ಛೆ.

ನವೆಂಬರ್ 12, ಮಂಗಳವಾರ

ಆರು ದೋಣಿ ಹುಡುಕಲು ಹೋದವು. ಗಂಗೊಳ್ಳಿಯಿಂದಲೂ ಬಂದರು. ಸಿಗಲಿಲ್ಲ.

ಇವರು ಹೋಗಲಿಲ್ಲ. ನೀರಿನ ಎಳೆತ ಇವರಷ್ಟು ಬಲ್ಲವರು ಕೇರಿಯಲ್ಲೇ ಇಲ್ಲ, ನಾಲ್ಕು ಜನ ಕರೆಯಲು ಬಂದರು, ಜ್ವರ ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದರು. ಹಣೆ ಮುಟ್ಟಿ ನೋಡಿದೆ, ಎಂತ ಬಿಸಿಯೂ ಇಲ್ಲ. ಆದರೂ ಬಂದವರಿಗೆ ನಾನೇ "ಸುಡ್ತಿತ್ತ್ ಮೈ" ಎಂದೆ. ಗಂಡನ ಮರ್ಯಾದೆ ಕಾಯುವ ಸುಳ್ಳಿಗೆ ಪಾಪವಿಲ್ಲ.

ಬಂಗುಡೆ ಸಾರು ಮಾಡಿದ್ದೆ, ಬಟ್ಟಲು ನೂಕಿದರು. ಚಂದಯ್ಯಣ್ಣ ಅದನ್ನು ಕೇಳಿ, "ದೇವ್ರನ್ ಮುಟ್ಟಿದ ಕೈ ಅಲ್ದಾ, ವ್ರತ ಹಿಡ್ದಿರ್" ಎಂದು ಊರಿಗೆಲ್ಲ ಹೇಳಿ ಬಂದರು. ಇದ್ದರೂ ಇರಬಹುದು. ಮೀನು ಮುಟ್ಟದ ತಂಡೇಲ! ನಗು ಬಂತು.

ನವೆಂಬರ್ 14, ಗುರುವಾರ

ಮಕ್ಕಳ ದಿನಾಚರಣೆ. ಬೋಟಿಗೆ ಬಂದ ದೇವರ ಚಿತ್ರ ಬರೆಯಿರಿ ಎಂದು ಕಾಗದ ಕೊಟ್ಟೆ. ಹನ್ನೊಂದು ಮಕ್ಕಳೂ ಒಂದು ದುಂಡು ತಲೆ, ಎರಡು ಕೈ, ಎರಡು ಕಾಲು ಬರೆದರು. ಪೂಜಿತಾ ಒಂದೇ ಕಾಗದದಲ್ಲಿ ಎರಡು ಬರೆದಿದ್ದಳು.

"ಇದ್ ಯಾರ್?"

"ದೇವ್ರ್."

"ಇದ್?"

"ಅಪ್ಪಯ್ಯ."

ಎರಡೂ ಒಂದೇ ನಮೂನೆ. ದೇವರಿಗೆ ಕಿರೀಟ ಹಾಕು, ಇಲ್ಲದಿದ್ದರೆ ಯಾರು ಯಾರೆಂದು ಗೊತ್ತಾಗುವುದು ಹೇಗೆ ಎಂದೆ. "ನಂಗ್ ಗೊತ್ತಾತ್ತ್ ಟೀಚರ್" ಎಂದಳು. ಐದು ವರ್ಷದ ಮಗುವಿನ ಬಾಯಿ ಎಂದರೆ ಬಾಯಿ. ಅವಳಿಗೆ ಎರಡು ಚಾಕಲೇಟು ಜಾಸ್ತಿ ಕೊಟ್ಟೆ.

ಗುಲಾಬಿ ಕರಿಮಣಿ ತೆಗೆದಿಲ್ಲ, ಬಳೆ ಒಡೆದಿಲ್ಲ. ಕರೆಯಲ್ಲಿ ಕೂತೇ ಇರುತ್ತಾಳೆ. ಸಂಜೆ ನಾನು ಹೋಗುವಾಗ ನನ್ನನ್ನೇ ನೋಡುತ್ತಾಳೆ. ನಾನೇನು ಮಾಡಿದ್ದೇನೆ? ಆರತಿ ಮುಗಿಯಲಿ ಎಂದದ್ದು ಅಷ್ಟು ದೊಡ್ಡ ತಪ್ಪಾ?

ನವೆಂಬರ್ 17, ಭಾನುವಾರ

ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಇವತ್ತು ಕೊಕ್ಕರ್ಣೆ ಕಡೆಯ ಜೋಯಿಸರು ಬಂದು ಕವಡೆ ಹರಡಿ ಪ್ರಶ್ನೆ ಇಟ್ಟರು. ತಗಡಿನ ಚಪ್ಪರದಲ್ಲಿ ಪೀಠ ಸಿದ್ಧವಾಗಿತ್ತು. ಮೊದಲು ಮುಟ್ಟಿದ ಕೈಯೇ ದೇವರನ್ನು ಪೀಠಕ್ಕೆ ಎತ್ತಿಡಬೇಕು ಎಂದರು. ಇನ್ನೂರು ಜನರ ಎದುರು ಇವರು ಎರಡು ಹೆಜ್ಜೆ ಮುಂದೆ ಹೋದರು, ನಿಂತರು, ತಮ್ಮ ಎರಡು ಅಂಗೈ ನೋಡಿಕೊಂಡರು. ಆಮೇಲೆ ತಿರುಗಿ ಮನೆಗೆ ನಡೆದುಬಿಟ್ಟರು. ಮಹಿಳಾ ಸಮಿತಿಯ ಹಸಿರು ಸೀರೆ ಉಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ನೆಲ ಬಿರಿಯಬಾರದಾ ಅನಿಸಿತು.

ಮನೆಗೆ ಬಂದು ಸಮಾ ಬೈದೆ. "ಎಂತ ಆಯ್ತ್ ನಿಮ್ಗೆ? ಊರ್ ಎದ್ರ್ ಮಾನ ತೆಗುದಾ?"

ಇವರು ಅಡುಗೆ ಮನೆಯ ಹೊಸ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತರು.

"ಬಲೆ ಒಳ್ಗೆ ಇಬ್ರ್ ಇದ್ದಿರ್," ಎಂದರು.

"ಇಬ್ರ್ ಅಂದ್ರೆ? ಇನ್ನೊಂದ್ ಮೂರ್ತಿಯಾ?"

"ಮನ್ಷ್ಯ."

ನನ್ನ ಕೈಯಲ್ಲಿದ್ದ ಲೋಟ ಎಲ್ಲಿ ಇಟ್ಟೆನೋ, ಈಗಲೂ ನೆನಪಿಲ್ಲ.

ಇವರು ಹೇಳಿದ್ದು ಇಷ್ಟು. ಸರಿಯಾಗಿ ಬೆಳಕು ಹರಿದಿರಲಿಲ್ಲ. ಮೂರ್ತಿ ಮೊದಲು ಬಂತು. ಇವರೇ ಬಗ್ಗಿ ಎತ್ತಿ ಚಂದಯ್ಯಣ್ಣನ ಕೈಗೆ ಕೊಟ್ಟರು, ಅವರು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡು ಬೋಟಿನ ಮುಂದಿನ ತುದಿಗೆ ಒಯ್ದರು. ಕುಡಿಯಲೆಂದು ತಂದಿದ್ದ ಸೀಯಾಳ ಒಡೆದು ತೊಳೆದರು. ಜನರೆಲ್ಲ ಅಲ್ಲಿಗೇ ಓಡಿದರು. ಬಲೆಯ ಹತ್ತಿರ ಉಳಿದದ್ದು ಇವರು ಮತ್ತು ಬೋಟಿನ ಕೆಲಸದ ಹುಡುಗ ದೇವು ಇಬ್ಬರೇ. ಆಗ ಬಲೆಯ ಅಂಚಿನಲ್ಲಿ ಹೆಣ ಕಂಡಿತು. ನೀಲಿ ಬನಿಯನ್. ಒಂದು ಕೈ ಖಾಲಿ ಪ್ಲಾಸ್ಟಿಕ್ ಕ್ಯಾನಿನ ಹಗ್ಗದೊಳಗಿತ್ತು, ತಲೆ ಕ್ಯಾನಿನ ಮೇಲಿತ್ತು, ಮುಖ ಆಚೆಗಿತ್ತು. ದೇವು ಎತ್ತಲು ಬಗ್ಗಿದ. ಅಷ್ಟರಲ್ಲಿ ಮುಂದಿನಿಂದ ಚಂದಯ್ಯಣ್ಣ ಕೂಗಿದರು.

"ಹ್ವಾಯ್, ದೇವ್ರ್ ಬೋಟೊಳ್ಗೆ ಇತ್ತ್! ಹೆಣ ಹತ್ಸುಕಾಗ! ಮುಟ್ಬೇಡಿ, ಮೈಲ್ಗೆ ಆತ್ತ್!"

ದೇವು ಇವರ ಮುಖ ನೋಡಿದ. ನೀರಿನ ಮೇಲೆ ತಂಡೇಲನ ಮಾತೇ ಕೊನೆ. ಇವರು "ಬಿಡ್" ಎಂದರು. ಬಲೆಯ ಅಂಚು ತಗ್ಗಿಸಿ ಬಿದಿರಿನ ಗಳದಿಂದ ಆಚೆ ನೂಕಿದರು. ಕರೆಗೆ ಬಂದ ಮೇಲೆ ಪೊಲೀಸರಿಗೆ ಫೋನು ಮಾಡಿ ಹೇಳಿದರಾಯಿತು ಎಂದುಕೊಂಡಿದ್ದರಂತೆ. ಕರೆಯಲ್ಲಿ ಚಂಡೆ ಇತ್ತು, ಆರತಿ ಇತ್ತು.

ನಾನು ಹೇಳಿದ ಮೊದಲ ಮಾತು ಬರೆಯುತ್ತೇನೆ, ನಾಚಿಕೆಯಾದರೂ. "ಯಾರೋ ಹೊರಗಿನ್ ಬೋಟಿನವ್ ಆಯ್ಕ್. ಹಿಂದಿಯವ್ರ್ ಎಷ್ಟ್ ಜನ ಬತ್ರಿಲ್ಲೆ? ನಮ್ಮವ್ರಲ್ಲ. ಬಾಯ್ ಬಿಡುಕಾಗ ನೀವ್, ತಿಳೀತಾ?"

ಇವರು ತಲೆ ಆಡಿಸಿದರು. ಇನ್ನೇನು ಹೇಳಲಿ ನಾನು? ಗಂಡನನ್ನು ಜೈಲಿಗೆ ಕಳಿಸಲಾ?

ನವೆಂಬರ್ 18, ಸೋಮವಾರ

ನೀಲಿ ಬನಿಯನ್ ನಮ್ಮ ಕೇರಿಯಲ್ಲಿ ಎಲ್ಲರ ಹತ್ತಿರವೂ ಇದೆ. ನಮ್ಮ ಹಗ್ಗದಲ್ಲೇ ಎರಡು ಒಣಗುತ್ತಿವೆ.

ನವೆಂಬರ್ 19, ಮಂಗಳವಾರ

ಪೂಜಿತಾಳನ್ನು ಕರೆದುಕೊಂಡು ಹೋಗಲು ಗುಲಾಬಿಯೇ ಬಂದಳು. ಎಂಟು ದಿನದಲ್ಲಿ ಮುಖ ಅರ್ಧವಾಗಿದೆ. ಚಾಪೆ ಹಾಕಿ ಕೂರಿಸಿದೆ, ನೀರು ಕೊಟ್ಟೆ. ನಾನು ಏನೂ ಕೇಳಲಿಲ್ಲ. ದೇವರಾಣೆ ಕೇಳಲಿಲ್ಲ. ಅವಳಾಗಿಯೇ ಹೇಳಿದಳು.

"ಎಲ್ರೂ ಆಸೆ ಬಿಡ್ ಅಂತ್ರ್ ಅಕ್ಕ. ನಾ ಬಿಡುದಿಲ್ಲ. ಕಾಣಿ, ಇವ್ರಿಗೆ ಈಜುಕ್ ಬತ್ತಿದ್ರೂ ಹೆದ್ರಿಕೆ ಜಾಸ್ತಿ. ದೋಣಿ ಒಳ್ಗೆ ತೇಲುಕ್ ಒಂದ್ ಖಾಲಿ ಕ್ಯಾನ್ ಇಟ್ಕಂಡೇ ಹೋಪ್ದ್, ಹಗ್ಗ ನಾನೇ ಕಟ್ಟಿ ಕೊಟ್ಟದ್ದ್. ದೋಣಿ ಸಿಕ್ತ್, ಬಲೆ ಸಿಕ್ತ್, ಕ್ಯಾನ್ ಸಿಕ್ಲಿಲ್ಲೆ. ಕ್ಯಾನ್ ಅವ್ರ್ ಕೈಯಂಗಿತ್ತ್. ಅದೊಂದೇ ಧೈರ್ಯ ನಂಗೆ."

ಗೋಡೆ ಹಿಡಿದುಕೊಂಡೆ. ಅವಳು ನನ್ನ ಬೆನ್ನು ಸವರಿ, "ಹಸಿದಿರ್ಯಾ ಅಕ್ಕ, ಎಂತಾದ್ರೂ ತಿನ್ನಿ" ಎಂದಳು. ನನಗೆ! ಅವಳು!

ಕುಷ್ಟಣ್ಣ. ಕುಷ್ಟಣ್ಣನೇ. ನಾನು ಎರಡು ದಿನ ಆ ಹೆಣಕ್ಕೆ ಯಾವ್ಯಾವ ಊರು ಕೊಟ್ಟೆ, ಯಾವ್ಯಾವ ಭಾಷೆ ಕೊಟ್ಟೆ! ಇನ್ಯಾರದೋ ಮನೆಯದ್ದಾದರೆ ಸರಿ, ಇವಳ ಮನೆಯದ್ದಾಗಬಾರದು ಎಂದಲ್ಲವೇ? ಆ ಇನ್ಯಾರದೋ ಮನೆಯಲ್ಲೂ ಒಬ್ಬಳು ಕೂತಿರುತ್ತಿದ್ದಳಲ್ಲ. ಥೂ ನನ್ನ ಜನ್ಮಕ್ಕೆ.

ನವೆಂಬರ್ 20, ಬುಧವಾರ

ಬಾಲವಾಡಿ ಮುಗಿಸಿ ಚಪ್ಪರಕ್ಕೆ ಹೋದೆ. ದೀಪ ಹಚ್ಚಲಲ್ಲ, ನೋಡಲು. ಸಮಿತಿಯ ಮೀಟಿಂಗಿಗೆ ಕರೆದಿದ್ದರು, ಅದೂ ಮರೆತೇ ಹೋಗಿತ್ತು.

ಮೂರ್ತಿಗೆ ಕೆಂಪು ರೇಷ್ಮೆ ಉಡಿಸಿದ್ದಾರೆ. ಮೂಗಿಲ್ಲ, ಕಣ್ಣಿಲ್ಲ. ನಾನು ಅದರ ಎದುರು ಕೂತು ಯೋಚಿಸಿದೆ. ಅರೆಗತ್ತಲಲ್ಲಿ ಇದು ಬಲೆಗೆ ಬಂದಾಗ ಇವರಿಗೆ ದೇವರೆಂದು ಗೊತ್ತಾದದ್ದು ಹೇಗೆ? ಕಿರೀಟವಿಲ್ಲ, ಶಂಖ ಚಕ್ರವಿಲ್ಲ. ಒಂದು ತಲೆ, ಒಂದು ಕೈ, ಎರಡು ಕಾಲು ಇತ್ತು, ಅಷ್ಟೇ. ಮನುಷ್ಯನ ಹಾಗೆ ಇದ್ದದ್ದಕ್ಕೆ ದೇವರೆಂದರು. ಬರೀ ದಿಮ್ಮಿಯಾಗಿದ್ದರೆ ಯಾರದಾದರೂ ಬಚ್ಚಲ ಒಲೆಗೆ ಹೋಗುತ್ತಿತ್ತು.

ಮನುಷ್ಯನ ಹಾಗಿದ್ದ ಮರವನ್ನು ಎರಡು ಕೈಯಿಂದ ಎತ್ತಿ ಸೀಯಾಳದಲ್ಲಿ ತೊಳೆದರು. ಮನುಷ್ಯನನ್ನೇ ಗಳದಿಂದ ನೂಕಿದರು. ಅದೇ ಬಲೆ, ಅದೇ ಹೊತ್ತು, ಅದೇ ಜನ. ಮುಖ ಸವೆದವರ ಮುಖ ಕಂಡಿತು. ಮುಖ ಇದ್ದವರನ್ನು ತಿರುಗಿಸಿ ನೋಡಲಿಲ್ಲ. ಹೊಸ ಮೂರ್ತಿ ಬಂತೆಂದು ಮಂತ್ರ ಹೇಳಿ ಯಾರೋ ಬಿಟ್ಟುಕೊಟ್ಟ ದೇವರನ್ನು ಕರೆತಂದರು, ಮನೆಗೆ ಬರಲೆಂದು ಹಗ್ಗ ಕಟ್ಟಿಕೊಂಡವರನ್ನು ಬಿಟ್ಟು ಬಂದರು.

ಸಿಟ್ಟು ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ಕೈ ಮುಗಿಯಲು ಎತ್ತಿದೆ, ಜೋಡಿಸಲಿಕ್ಕೆ ಆಗಲಿಲ್ಲ.

ನವೆಂಬರ್ 22, ಶುಕ್ರವಾರ

ಚಂದಯ್ಯಣ್ಣ ಮನೆಗೆ ಬಂದರು. ಹಣ್ಣುಕಾಯಿ ಪ್ರಸಾದ ತಂದಿದ್ದರು. ಕೆಟ್ಟ ಮನುಷ್ಯರಲ್ಲ ಅವರು, ನಮ್ಮ ಮನೆಯ ಎಷ್ಟೋ ಕಷ್ಟಕ್ಕೆ ಆದವರು.

"ಕಾಣ್ ಸೀನ, ನೀ ಹೀಂಗೆ ಮೋರೆ ಜೋತ್ಹಾಯ್ಕಂಡ್ ಕೂಕಂಡ್ರೆ ಜನ ಎಂತ ಎಣ್ಸ್ತ್ರ್? ದೇವು ಬೋಟಿಗೇ ಬತ್ತಿಲ್ಲೆ. ಈಗ ಬಾಯ್ ಬಿಟ್ರೆ ಕೇಸ್ ಆತ್ತ್, ಬೋಟ್ ನಿಲ್ತ್, ಇಪ್ಪತ್ತೆಂಟ್ ಮನಿ ಒಲೆ ನಂದ್ತ್. ಸತ್ತವ ಎದ್ದ್ ಬತ್ನಾ?"

ನನಗೆ ತಡೆಯಲಿಲ್ಲ.

"ಅವ್ರ್ ಕುಷ್ಟಣ್ಣ, ಚಂದಯ್ಯಣ್ಣ."

ಅವರು ಕುಂಕುಮದ ಪೊಟ್ಟಣ ನೋಡುತ್ತ ಕೂತರು. ಅವರಿಗೆ ಅಂದು ಮಧ್ಯಾಹ್ನ ಮೂರಕ್ಕೇ ಗೊತ್ತಾಗಿತ್ತು. ನನ್ನ ಗಂಡನಿಗೂ ಗೊತ್ತಾಗಿತ್ತು. ಜ್ವರ, ವ್ರತ, ಎಲ್ಲ ನಾನು ನಂಬಿಕೊಂಡು ಕೂತದ್ದು.

"ದೇವ್ರ್ ಇದ್ದಲ್ಲಿ ಹೆಣ ಹತ್ಸುಕಾತ್ತಾ ಸುಗುಣ? ನೀನೇ ಹೇಳ್. ಮೈಲ್ಗೆ ಅಲ್ದಾ?"

"ಆ ದಿನವೇ, ಆ ಬಲೆಗೇ ದೇವ್ರ್ ಎಂತಕ್ ಬಂದ್ರ್? ಒಬ್ರೇ ಬಂದದ್ದಲ್ದಲೆ. ಕರ್ಕಂಡೇ ಬಂದಿರ್. ನೀವ್ ಒಬ್ರನ್ ಒಳ್ಗ್ ತಕಂಡ್, ಒಬ್ರನ್ ಹೊರ್ಗ್ ಹಾಕಿದ್ರಿ."

ಇದನ್ನು ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಚಂದಯ್ಯಣ್ಣ ಎದ್ದು ಹೋದರು. ಪ್ರಸಾದ ಮೇಜಿನ ಮೇಲೆ ಇದೆ.

ಸಂಜೆ ಇವರಿಗೆ, "ಭಾನುವಾರ ಗುಲಾಬಿ ಮನಿಗೆ ಹೋಪ. ಅಲ್ಲಿಂದ ಸೀದಾ ಸ್ಟೇಷನ್ನಿಗೆ. ನಾನೂ ಬತ್ತೆ," ಎಂದೆ. ಹನ್ನೊಂದು ದಿನದಲ್ಲಿ ಮೊದಲ ಸಲ ಇವರು ಅನ್ನ ಪೂರ್ತಿ ಉಂಡರು.

ನವೆಂಬರ್ 24, ಭಾನುವಾರ

ಹೋದೆವು.

ಗುಲಾಬಿ ಜಗಲಿಯಲ್ಲಿ ಪೂಜಿತಾಳ ತಲೆ ಬಾಚುತ್ತಿದ್ದಳು. ನಮ್ಮನ್ನು ನೋಡಿ ಮಗುವನ್ನು ಒಳಗೆ ಕಳಿಸಿದಳು. "ಕೂಕಣಿ" ಎಂದಳು. ನಾನು ಅವಳ ಪಕ್ಕದಲ್ಲಿ ಕೂತೆ. ಇವರು ಅಂಗಳದಲ್ಲೇ ನಿಂತರು. ನಿಂತೇ ಹೇಳಿದರು. ಒಂದನ್ನೂ ಬಿಡಲಿಲ್ಲ. ಸೀಯಾಳ ಒಡೆದದ್ದು ಹೇಳಿದರು, ಗಳ ಹೇಳಿದರು. ಚಂದಯ್ಯಣ್ಣ ಕೂಗಿದರು ಎಂದರು, ಆದರೆ ಬಿಡ್ ಎಂದದ್ದು ತಾನೇ ಎಂದರು.

ಅವಳು ಅಳುತ್ತಾಳೆ, ಕೂಗುತ್ತಾಳೆ, ನಮ್ಮ ಮೇಲೆ ಬೀಳುತ್ತಾಳೆ ಎಂದು ನಾನು ಸಿದ್ಧಳಾಗಿ ಬಂದಿದ್ದೆ. ಅವಳು ಬಾಚಣಿಗೆಯಲ್ಲಿದ್ದ ಕೂದಲು ಬಿಡಿಸುತ್ತ ಕೇಳುತ್ತಿದ್ದಳು. ಪೂರ್ತಿ ಮುಗಿದ ಮೇಲೆ ತಲೆ ಎತ್ತಿದಳು.

"ಕ್ಯಾನ್ ಕೈಯಂಗೆ ಇದ್ದಿತಾ?"

"ಹೌದ್."

"ಹಗ್ಗಕ್ಕೆ ಕೈ ಸಿಕ್ಕಂಡಿದ್ದಿತಾ, ಅವ್ರೇ ಹಿಡ್ಕಂಡಿದ್ದಿರಾ?"

"ಕಾಣ್ಲಿಲ್ಲೆ," ಎಂದರು ಇವರು.

"ಮೈ ತಂಪಿದ್ದಿತಾ ಸೀನಣ್ಣ?"

ಅವಳು ಇನ್ನೊಮ್ಮೆ ಕೇಳಿದಳು, ಮೊದಲಿನಷ್ಟೇ ಮೆಲ್ಲಗೆ.

"ಮುಟ್ಲಿಲ್ಲೆ," ಎಂದರು.

ಈಗ ಈ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುಗಿಸಿ ನೋಡಿದೆ. ಹೆಣ, ಹೆಣ ಎಂದು ನಾನೇ ಬರೆದಿದ್ದೇನೆ. ಬೋಟಿನ ಆ ತುದಿಯಲ್ಲಿ ನಿಂತವರು ಹೆಣವೆಂದು ಕೂಗಿದರು, ಇವರು ಅದನ್ನು ನಂಬಿದರು, ನಾನು ಬರೆದುಕೊಂಡೆ. ತಲೆ ಕ್ಯಾನಿನ ಮೇಲಿತ್ತು ಎಂದೂ ನಾನೇ ಬರೆದಿದ್ದೇನೆ, ಎಂದರೆ ನೀರಿನಿಂದ ಮೇಲೆ. ಸತ್ತಿದ್ದಾರೆಂದು ನೋಡಿದವರು ಯಾರೂ ಇರಲಿಲ್ಲ.

ಗುಲಾಬಿ ಎದ್ದಳು. ಜಗಲಿ ಇಳಿದು ಇವರ ಹತ್ತಿರ ಹೋದಳು. ಹೊಡೆಯುತ್ತಾಳೆಂದು ಇವರು ಕಣ್ಣು ಮುಚ್ಚಿದರು. ಅವಳು ಇವರ ಬಲಗೈ ಹಿಡಿದು ಎತ್ತಿದಳು, ಮಣಿಕಟ್ಟಿನ ಮೇಲೆ ತನ್ನ ಮೂರು ಬೆರಳು ಒತ್ತಿ ನಾಡಿ ಸಿಗುವವರೆಗೆ ನಿಂತಳು.

"ಇಷ್ಟೇ ಅಲ್ದಾ ಸೀನಣ್ಣ," ಎಂದಳು. "ಇಷ್ಟ್ ಮಾಡ್ರೆ ಸಾಕಿದ್ದಿತ್."